ಸಾವಿನ ಮನೆಯ ಊಟವೂ ಸುಳ್ಳು ಸಮಾಧಾನವೂ

ಕಷ್ಟ ಬಂದಾಗ ಕುಟುಂಬ ತಾನಾಗಿಯೇ ಒಂದಾಗುತ್ತದೆ ಎಂಬ ಮಾತನ್ನು ಪ್ರವಚನಪೀಠದಿಂದಲೂ ಸಿನಿಮಾ ತೆರೆಯಿಂದಲೂ ನಾವು ಎಷ್ಟೋ ಸಲ ಕೇಳಿದ್ದೇವೆ. ನಾಲ್ಕು ಹನಿ ಕಣ್ಣೀರು, ಒಂದು ಆಲಿಂಗನ. ಇಪ್ಪತ್ತು ವರ್ಷಗಳ ದ್ವೇಷ ಮಾಯ! ಇದು ಸುಳ್ಳೆಂದು ಹೇಳುವ ಧೈರ್ಯ ಮಾಡಿದ ಚಿತ್ರ 2013ರ 'ಆಗಸ್ಟ್: ಓಸೇಜ್ ಕೌಂಟಿ'. 2008ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ತಮ್ಮ ನಾಟಕವನ್ನೇ ಆಧರಿಸಿ ಟ್ರೇಸಿ ಲೆಟ್ಸ್ ಇದರ ಚಿತ್ರಕಥೆ ಬರೆದರು. ನಿರ್ದೇಶಕರು ಜಾನ್ ವೆಲ್ಸ್. ಇಂಥ ಚಿತ್ರಗಳು ಕುಟುಂಬ ಜೀವನಕ್ಕೆ ಮಾರಕವೆನ್ನುವವರ ಮಾತನ್ನು ನಾನು ಒಪ್ಪಲಾರೆ.

ಅಮೆರಿಕದ ಓಕ್ಲಹೋಮ ರಾಜ್ಯದ ಒಂದು ಮನೆ. ಕುಡಿತಕ್ಕೆ ದಾಸನಾದ ಕವಿ ಬೆವರ್ಲಿ ಕಾಣೆಯಾಗಿ, ನೀರಿನಲ್ಲಿ ಶವವಾಗಿ ಸಿಗುತ್ತಾನೆ. ಪತ್ನಿ ವಯೊಲೆಟ್‌ಗೆ ಬಾಯಿಯ ಕ್ಯಾನ್ಸರ್. ಜೊತೆಗೆ ಮಾತ್ರೆಗಳ ಚಟ. ಮೂವರು ಹೆಣ್ಣುಮಕ್ಕಳು, ಬಂಧುಗಳು ಕೂಡುತ್ತಾರೆ. ಶವಸಂಸ್ಕಾರದ ನಂತರ ಊಟದ ಪ್ರಾರ್ಥನೆಯೂ ಆಗುತ್ತದೆ. ಆದರೆ ಅದೇ ಮೇಜಿನಲ್ಲಿ ವಯೊಲೆಟ್ 'ಸತ್ಯ'ದ ಹೆಸರಿನಲ್ಲಿ ಒಬ್ಬೊಬ್ಬರನ್ನೂ ಇರಿಯುತ್ತಾಳೆ; ಹಿರಿಯ ಮಗಳು ಬಾರ್ಬರಾ ತಾಯಿಯ ಮೇಲೆಯೇ ಬೀಳುತ್ತಾಳೆ. ಇನ್ನೊಂದೆಡೆ, ಹಿರಿಯರು ವರ್ಷಗಟ್ಟಲೆ ಬಚ್ಚಿಟ್ಟ ಗುಟ್ಟೊಂದು ಎರಡು ಕಿರಿಯ ಜೀವಗಳ ಪ್ರೀತಿಯನ್ನು ಬಲಿ ತೆಗೆದುಕೊಳ್ಳುತ್ತದೆ. ಕರುಣೆಯಿಲ್ಲದ ಸತ್ಯವೂ ಮನೆ ಮುರಿಯುತ್ತದೆ, ಸತ್ಯವಿಲ್ಲದ ಮೌನವೂ ಮನೆ ಮುರಿಯುತ್ತದೆ. ಚಿತ್ರದ ತಿರುಳು ಇದೇ.

ಕೊನೆಗೆ ಮಕ್ಕಳೆಲ್ಲರೂ ಹೊರಟುಹೋಗುತ್ತಾರೆ. ವಯೊಲೆಟ್‌ಗೆ ಆಸರೆಯಾಗುವವಳು ಮನೆಗೆಲಸಕ್ಕೆ ಬಂದ ಮೂಲನಿವಾಸಿ ಹೆಣ್ಣುಮಗಳು ಜಾನಾ ಮಾತ್ರ. ವಯೊಲೆಟ್ ಹಗುರವಾಗಿ ಕಂಡ ಅದೇ ಜಾನಾ.

'ಇದರಲ್ಲಿ ಭರವಸೆ ಎಲ್ಲಿದೆ?' ಎಂದು ಕೇಳುವವರಿದ್ದಾರೆ. ಚಿತ್ರ ಔಷಧ ಕೊಡುವುದಿಲ್ಲ, ನಿಜ. ಆದರೆ ರೋಗದ ಹೆಸರನ್ನು ಹೇಳುತ್ತದೆ. ದುಂದುಗಾರ ಮಗನ ಸಾಮತಿಯನ್ನು ಮತ್ತೊಮ್ಮೆ ಓದಿರಿ. ತಂದೆ ಹೊರಗೆ ಬಂದು ಹಿರಿಯ ಮಗನನ್ನು ಬೇಡಿಕೊಳ್ಳುತ್ತಾನೆ. ಅವನು ಒಳಗೆ ಬಂದನೋ ಇಲ್ಲವೋ ಸಂತ ಲೂಕನು ಬರೆಯಲಿಲ್ಲ. ಕ್ರಿಸ್ತನೇ ತೆರೆದಿಟ್ಟ ಕಥೆಗೆ ಸುಖಾಂತ್ಯ ಹೊಲಿಯಲು ನಮಗೇಕೆ ಇಷ್ಟು ಆತುರ?

ಅನೇಕ ಶವಸಂಸ್ಕಾರಗಳನ್ನು ನಡೆಸಿದ್ದೇನೆ. ಸಮಾಧಿಯ ಬಳಿ ತಬ್ಬಿಕೊಂಡು ಅತ್ತ ಅಣ್ಣತಮ್ಮಂದಿರು ಮೂವತ್ತನೆಯ ದಿನದ ಬಲಿಪೂಜೆಗೆ ಬೇರೆ ಬೇರೆ ಬೆಂಚುಗಳಲ್ಲಿ ಕುಳಿತದ್ದನ್ನು ಕಂಡಿದ್ದೇನೆ. 'ದುಃಖ ನಿಮ್ಮನ್ನು ಒಂದುಗೂಡಿಸಿದೆ' ಎಂದು ಅಂದು ಬೋಧಿಸಿದವನು ನಾನೇ. ದುಃಖ ಅವರನ್ನು ಒಂದೆಡೆ ಸೇರಿಸಿತ್ತು, ಅಷ್ಟೇ. ಒಂದಾಗುವುದಕ್ಕೆ ತಪ್ಪೊಪ್ಪಿಗೆ ಬೇಕು, ಕ್ಷಮೆ ಬೇಕು, ಕಾಲ ಬೇಕು. ಅದಕ್ಕಾಗಿ ಮನೆಯಲ್ಲಿ ಇನ್ನೊಂದು ಸಾವು ಆಗಲೆಂದು ಕಾಯುವುದೇಕೆ?