ಎರಡು ತಂಡ, ಒಂದೇ ಹೆಗಲು

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೆಚ್ಚೆಂದರೆ ಮುಕ್ಕಾಲು ಗಂಟೆ. ಡಿಗ್ರಿಯ ಮೂರು ವರ್ಷವೂ ಆ ದಾರಿಯಲ್ಲಿ ನನ್ನ ಬ್ಯಾಗಿನೊಳಗೆ ಎರಡು ಟೀ ಶರ್ಟ್ ಇರುತ್ತಿದ್ದವು. ಒಂದು ಕಾಲೇಜಿನ ಡೊಳ್ಳು ತಂಡದ್ದು, ಇನ್ನೊಂದು ನಮ್ಮ ಬಡಾವಣೆ ಹುಡುಗರ ಡೊಳ್ಳು ತಂಡದ್ದು. ಒಂದು ತಂಡದವರ ಕಣ್ಣಿಗೆ ಇನ್ನೊಂದು ತಂಡದ ಟೀ ಶರ್ಟ್ ಬೀಳದಂತೆ ನೋಡಿಕೊಳ್ಳುವುದರಲ್ಲಿ ನಾನು ಪಳಗಿಬಿಟ್ಟಿದ್ದೆ. ಒಮ್ಮೆ ಸಿಕ್ಕಿಬಿದ್ದಾಗ ಬಡಾವಣೆಯ ಹಿರಿಯಣ್ಣ ಒಬ್ಬರು, ‘ಎರಡು ದೋಣಿ ಮೇಲೆ ಕಾಲಿಟ್ಟವನು ಹೊಳೆ ದಾಟಲ್ಲ ಕಣೋ’ ಅಂದಿದ್ದರು. ಭದ್ರಾ ಹೊಳೆಗೆ ಸೇತುವೆ ಇದೆಯಲ್ಲಣ್ಣ ಎಂದು ನಕ್ಕು ತಪ್ಪಿಸಿಕೊಂಡಿದ್ದೆ.

ಆಮೇಲೆ ನಗು ನಿಂತಿತು. ಅದನ್ನು ಹೇಳುತ್ತೇನೆ.

ಡೊಳ್ಳು ಕುಣಿತ ನೋಡದವರು ನಮ್ಮ ಜಿಲ್ಲೆಯಲ್ಲಿ ಇರಲಾರರು. ಬೀರೇಶ್ವರನ ಗುಡಿಯಿಂದ, ಹಾಲುಮತದವರ ಮನೆಯಂಗಳದಿಂದ ಹೊರಟ ಈ ಕಲೆ ಇವತ್ತು ಗಣಪತಿ ಮೆರವಣಿಗೆಗೂ ಬೇಕು, ಮಂತ್ರಿಗಳ ಸ್ವಾಗತಕ್ಕೂ ಬೇಕು, ಕಾಲೇಜಿನ ಯುವಜನೋತ್ಸವಕ್ಕೂ ಬೇಕು. ಮೆರವಣಿಗೆಯಲ್ಲಿ ಗಂಟೆಗಟ್ಟಲೆ ಬಾರಿಸಿಕೊಂಡು ನಡೆಯುವುದು ಒಂದು ರೀತಿ. ಸ್ಪರ್ಧೆಯದು ಬೇರೆಯೇ. ಹತ್ತು ನಿಮಿಷದ ಆಸುಪಾಸಿನಲ್ಲಿ ವೃತ್ತ, ಸಾಲು, ಕೂತು ಬಾರಿಸುವುದು, ಎಗರುವುದು, ಕೊನೆಗೆ ಪಿರಮಿಡ್. ಕೆಳಗೆ ಮೂವರು, ಅವರ ಹೆಗಲ ಮೇಲೆ ಇಬ್ಬರು, ಆ ಇಬ್ಬರ ಮೇಲೆ ಒಬ್ಬ. ಎಲ್ಲರ ಸೊಂಟದಲ್ಲೂ ಡೊಳ್ಳು. ಮೇಲಿನವನು ಬಾರಿಸಿದಾಗ ಚಪ್ಪಾಳೆ ಬೀಳುವುದು ಅವನಿಗೆ, ನಡುಗುವುದು ಕೆಳಗಿನವರ ತೊಡೆ. ನಾನು ಎರಡೂ ತಂಡದಲ್ಲಿ ಕೆಳಗಿನವನು. ನನ್ನ ಮೈಕಟ್ಟು ನೋಡಿದವರು ಬೇರೆ ಜಾಗ ಕೊಡುವುದೂ ಇಲ್ಲ.

ಎರಡು ತಂಡ ಯಾಕೆ ಅಂತ ಕೇಳಿದರೆ ಉತ್ತರ ಸುಲಭ. ಕಾಲೇಜು ತಂಡದಲ್ಲಿ ಸರ್ಟಿಫಿಕೇಟ್ ಸಿಗುತ್ತಿತ್ತು, ಹಾಜರಾತಿ ಸಿಗುತ್ತಿತ್ತು, ಬೇರೆ ಊರು ನೋಡಲು ಸಿಗುತ್ತಿತ್ತು. ಬಡಾವಣೆ ತಂಡದಲ್ಲಿ ದುಡ್ಡು ಸಿಗುತ್ತಿತ್ತು. ಒಂದು ಮೆರವಣಿಗೆಗೆ ಕೈಗೆ ಎಂಟುನೂರು, ದೂರದ ಊರಾದರೆ ಸಾವಿರ. ಗಣಪತಿ ಸೀಸನ್ ಮುಗಿಯುವಷ್ಟರಲ್ಲಿ ನನ್ನ ಪರೀಕ್ಷಾ ಶುಲ್ಕ, ಬಸ್ ಪಾಸು, ತಂಗಿಯ ಪುಸ್ತಕ ಮೂರೂ ಆಗುತ್ತಿತ್ತು. ಅಪ್ಪನದು ಗುತ್ತಿಗೆ ಕೆಲಸ. ಕಾಗದ ಕಾರ್ಖಾನೆ ನಿಂತ, ಉಕ್ಕಿನ ಕಾರ್ಖಾನೆ ಇವತ್ತೋ ನಾಳೆಯೋ ಎಂಬಂತೆ ಉಸಿರಾಡುವ ಊರಿನಲ್ಲಿ ಗುತ್ತಿಗೆ ಕೆಲಸ ಅಂದರೇನು ಎಂದು ಭದ್ರಾವತಿಯವರಿಗೆ ವಿವರಿಸಬೇಕಿಲ್ಲ.

ಎರಡನೇ ವರ್ಷದ ಗಣಪತಿ ಹಬ್ಬ. ರಾತ್ರಿಯಿಡೀ ನಮ್ಮೂರಲ್ಲಿ ಮೆರವಣಿಗೆ. ವಿಸರ್ಜನೆ ಮುಗಿದಾಗ ಬೆಳಗಿನ ಜಾವ ನಾಲ್ಕೂವರೆ. ಮುಖ ತೊಳೆದು ಮೊದಲ ಬಸ್ಸು ಹಿಡಿದೆ. ಹನ್ನೊಂದು ಗಂಟೆಗೆ ಶಿವಮೊಗ್ಗದಲ್ಲಿ ಅಂತರ ಕಾಲೇಜು ಸ್ಪರ್ಧೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ತಂಡದಿಂದ ತೆಗೆಯುತ್ತಾರೆಂಬ ಭಯ, ಯಾಕೆಂದರೆ ‘ಹೊರಗಿನ ತಂಡದಲ್ಲಿ ಆಡುವವರಿಗೆ ಇಲ್ಲಿ ಜಾಗವಿಲ್ಲ’ ಎಂದು ಮೊದಲ ದಿನವೇ ಹೇಳಿದ್ದರು. ಎರಡು ತಂಡಕ್ಕೂ ಪಿರಮಿಡ್‌ನ ಲೆಕ್ಕ ಬೇರೆ. ಬಡಾವಣೆಯಲ್ಲಿ ನಾಲ್ಕನೇ ಪೆಟ್ಟಿಗೆ ಮೇಲಿನವನು ಇಳಿಯುತ್ತಾನೆ, ನಾವು ಹೆಗಲು ಸಡಿಲಿಸುತ್ತೇವೆ. ಕಾಲೇಜಿನಲ್ಲಿ ಎಂಟಕ್ಕೆ. ಎಚ್ಚರವಿದ್ದ ದಿನ ಇದೊಂದು ವಿಷಯವೇ ಅಲ್ಲ. ಆ ದಿನ ನನ್ನ ತಲೆ ಕಾಲೇಜಿನಲ್ಲಿತ್ತು, ಹೆಗಲು ಇನ್ನೂ ಮೆರವಣಿಗೆಯಲ್ಲೇ ಇತ್ತು. ನಾಲ್ಕಕ್ಕೆ ಸಡಿಲವಾಯಿತು.

ತುದಿಯಲ್ಲಿದ್ದ ಹುಡುಗ ಡೊಳ್ಳಿನ ಸಮೇತ ಬಿದ್ದ. ಬಲ ಮಣಿಕಟ್ಟು ಮುರಿಯಿತು. ಅವನು ಪೊಲೀಸ್ ಕಾನ್‌ಸ್ಟೆಬಲ್ ಕೆಲಸಕ್ಕೆ ಅರ್ಜಿ ಹಾಕಿ, ಬೆಳಗ್ಗೆ ಐದಕ್ಕೆದ್ದು ಸ್ಟೇಡಿಯಂನಲ್ಲಿ ಓಡುತ್ತಿದ್ದವನು. ಓಟ, ಜಿಗಿತದ ಜೊತೆ ಗುಂಡು ಎಸೆತವೂ ಇರುವ ಪರೀಕ್ಷೆ ಅದು. ಬ್ಯಾಂಡೇಜ್ ಕಟ್ಟಿದ ಕೈಯಲ್ಲಿ ಗುಂಡು ಎಸೆಯಲು ಆಗುತ್ತದೆಯೇ? ಆ ಸಲ ಅವನು ಹೋಗಲಿಲ್ಲ. ಅವನು ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನಾನೇ ಹೋಗಿ ನಿಜ ಹೇಳಿದೆ. ಎಲ್ಲರೂ ಒಂದೇ ತೀರ್ಪು ಕೊಟ್ಟರು: ನೋಡಿ, ಅದಕ್ಕೇ ಹೇಳುವುದು, ಒಬ್ಬನಿಗೆ ಒಂದೇ ತಂಡ. ನಿಯಮ ಇನ್ನೂ ಬಿಗಿಯಾಯಿತು. ತಪ್ಪು ನನ್ನದು, ಅದರಲ್ಲಿ ಎರಡು ಮಾತಿಲ್ಲ. ಆದರೂ ಆ ತೀರ್ಪನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ.

ಆ ಬೆಳಗ್ಗೆ ನಮ್ಮ ಕ್ಯಾಪ್ಟನ್‌ಗೆ ವಿಷಯ ಗೊತ್ತಿದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ‘ನೀನು ಇವತ್ತು ತಾಳ ಹಿಡಿ, ಕೆಳಗೆ ಇನ್ನೊಬ್ಬ ನಿಲ್ಲಲಿ’ ಎಂದಿರುತ್ತಿದ್ದ. ಅಷ್ಟೇ. ಬದಲಿ ಹುಡುಗ ಪಕ್ಕದಲ್ಲೇ ಇದ್ದ. ನನಗೆ ನಿದ್ದೆಯಾಗಿದೆಯಾ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ನಾನು ಎದ್ದಿದ್ದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ನಿಯಮ ನನ್ನನ್ನು ಎರಡನೇ ತಂಡದಿಂದ ಬಿಡಿಸಲಿಲ್ಲ, ಬಾಯಿ ಮುಚ್ಚಿಸಿತು. ಮಣಿಕಟ್ಟು ಮುರಿದದ್ದರಲ್ಲಿ ನನ್ನ ನಿದ್ದೆಗೆಟ್ಟ ಮೈಯ ಪಾಲು ಎಷ್ಟೋ, ನನ್ನ ಮುಚ್ಚಿದ ಬಾಯಿಯ ಪಾಲೂ ಅಷ್ಟೇ.

ಚಿಯರ್‌ಲೀಡಿಂಗ್ ಅಂದರೆ ನಮಗೆ ಐಪಿಎಲ್ ನೆನಪಾಗುತ್ತದೆ. 2008ರಲ್ಲಿ ಬೆಂಗಳೂರು ತಂಡ ಅಮೆರಿಕದಿಂದ ಹುಡುಗಿಯರನ್ನು ಕರೆಸಿ ಬೌಂಡರಿಗೊಮ್ಮೆ ಕುಣಿಸಿದ್ದನ್ನು ನಮ್ಮ ಅಣ್ಣಂದಿರು ಇನ್ನೂ ಹೇಳುತ್ತಾರೆ. ಆದರೆ ಸ್ಪರ್ಧೆಯ ಚಿಯರ್‌ಲೀಡಿಂಗ್ ಬೇರೆ, ನಮ್ಮ ಡೊಳ್ಳಿನ ಪಿರಮಿಡ್‌ಗೆ ಅಣ್ಣ ತಮ್ಮ ಇದ್ದಂತೆ. ಎರಡೂವರೆ ನಿಮಿಷದ ಪ್ರದರ್ಶನ, ಕೆಳಗೆ ಹೊರುವವರು, ಮೇಲೆ ಹಾರುವವರು, ಬಿದ್ದರೆ ಹಿಡಿಯಲು ಒಬ್ಬರು. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದರ ಜಾಗತಿಕ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ಕೊಟ್ಟಿತು. ಅಲ್ಲಿ ಒಬ್ಬರೇ ಎರಡು ತಂಡದಲ್ಲಿ ಸ್ಪರ್ಧಿಸುವುದಕ್ಕೆ ‘ಕ್ರಾಸ್‌ಓವರ್’ ಎಂಬ ಹೆಸರೇ ಇದೆ. ಹೆಸರಿದೆ ಎಂದರೆ ಅದು ಗುಟ್ಟಲ್ಲ ಎಂದರ್ಥ. ಸಾಮಾನ್ಯವಾಗಿ ಎರಡೂ ತಂಡ ಒಂದೇ ತರಬೇತಿ ಕೇಂದ್ರದವು. ಕೋಚ್‌ಗೆ ಗೊತ್ತಿರುತ್ತದೆ, ಎರಡು ಪ್ರದರ್ಶನಗಳ ನಡುವೆ ಉಸಿರಾಡಲು ಸಮಯ ಸಿಗುವಂತೆ ಮೊದಲೇ ಕೇಳಿಕೊಳ್ಳುತ್ತಾರೆ.

ಅಷ್ಟು ದೂರ ಹೋಗುವುದೂ ಬೇಡ. ಘಟ್ಟದ ಮೇಲೂ ಕೆಳಗೂ ಯಕ್ಷಗಾನ ನೋಡುವವರಿಗೆ ‘ಅತಿಥಿ ಕಲಾವಿದ’ ಎಂಬ ಮಾತು ಹೊಸದಲ್ಲ. ಒಂದು ಮೇಳದ ಕಲಾವಿದ ಇನ್ನೊಂದು ಮೇಳದ ಆಟದಲ್ಲಿ ವೇಷ ಮಾಡುತ್ತಾನೆ, ಕರಪತ್ರದಲ್ಲಿ ಹೆಸರು ದಪ್ಪಕ್ಷರದಲ್ಲೇ ಇರುತ್ತದೆ. ಅವನನ್ನು ಯಾರೂ ದ್ರೋಹಿ ಎನ್ನುವುದಿಲ್ಲ. ಜೋಡಾಟದಲ್ಲಿ ಮಾತ್ರ, ಎರಡು ಮೇಳ ಅಕ್ಕಪಕ್ಕದ ರಂಗಸ್ಥಳದಲ್ಲಿ ಪೈಪೋಟಿಗೆ ನಿಂತ ರಾತ್ರಿ, ಅವನು ಯಾವ ಕಡೆ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ನಮಗೂ ಅಷ್ಟು ಸಾಕು. ಎರಡು ತಂಡ ಎದುರಾಗುವ ಸ್ಪರ್ಧೆಯಲ್ಲಿ ಒಂದನ್ನು ಆರಿಸಿಕೋ. ಉಳಿದ ದಿನ ಇಬ್ಬರು ಕ್ಯಾಪ್ಟನ್‌ಗಳಿಗೂ ಹೇಳಿ ಆಡು. ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರೆ ಯಾರನ್ನೂ ಹೆಗಲ ಮೇಲೆ ಹೊರಬೇಡ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಇದು ಎಲ್ಲೋ ಕೇಳಿದಂತೆ ಅನ್ನಿಸಬಹುದು. 2022ರಲ್ಲಿ ಐಟಿ ಕಂಪನಿಗಳಲ್ಲಿ ಮೂನ್‌ಲೈಟಿಂಗ್ ಗಲಾಟೆ ನಡೆದಾಗ ವಿಪ್ರೊದ ರಿಷದ್ ಪ್ರೇಮ್‌ಜಿ ಅದನ್ನು ಮೋಸ ಎಂದೇ ಕರೆದರು, 300 ಮಂದಿಯನ್ನು ತೆಗೆದರು. ಅದೇ ವರ್ಷ ಸ್ವಿಗ್ಗಿ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿತು, ಇನ್ಫೊಸಿಸ್ ಮೊದಲು ಎಚ್ಚರಿಸಿ ಆಮೇಲೆ ಮೇಲಧಿಕಾರಿಗಳ ಅನುಮತಿ ಪಡೆದರೆ ಸರಿ ಎಂದಿತು. ಎದುರಾಳಿ ಕಂಪನಿಗೆ ಗುಟ್ಟಾಗಿ ದುಡಿಯುವುದನ್ನು ನಾನೂ ಸಮರ್ಥಿಸುವುದಿಲ್ಲ. ಆದರೆ ತಿಂಗಳ ಸಂಬಳ ಕೊಡುವವರು ‘ಬೇರೆ ಕಡೆ ಹೋಗಬೇಡ’ ಎನ್ನುವುದಕ್ಕೂ, ಒಂದು ಪ್ಲೇಟ್ ಪುಳಿಯೋಗರೆ ಕೊಡುವ ತಂಡ ಅದೇ ಮಾತನ್ನು ಹೇಳುವುದಕ್ಕೂ ವ್ಯತ್ಯಾಸವಿದೆ. ಉಂಡ ಮನೆಗೆ ಎರಡು ಬಗೆಯಬಾರದು, ಸರಿ. ಹೊಟ್ಟೆ ತುಂಬ ಉಣಿಸಿದ್ದೀರಾ ಎಂದು ಮನೆಯವರನ್ನೂ ಕೇಳಬೇಕಲ್ಲ?

ಒಬ್ಬನಿಗೆ ಒಂದೇ ತಂಡ ಎಂದಾಗ ಕಾಲೇಜು ತಂಡದಲ್ಲಿ ಉಳಿಯುವವರು ಯಾರು? ಮೆರವಣಿಗೆ ದುಡ್ಡು ಬೇಡದವರು. ಮೊದಲು ಹೊರಗೆ ಹೋಗುವವರು ಡೊಳ್ಳನ್ನು ಮನೆಯಲ್ಲೇ ಕಲಿತವರು. ನಮ್ಮ ಕಾಲೇಜು ತಂಡದ ಬಹುಮಾನದ ಎರಡು ಪೆಟ್ಟುಗಳನ್ನು ನಾನು ತಂದದ್ದು ಬಡಾವಣೆಯಿಂದ. ಬಡಾವಣೆಗೆ ನಾನು ಒಯ್ದದ್ದು ಸಾಲು ಕೆಡದ ಅಚ್ಚುಕಟ್ಟು. ಸಾಗರ್ ಪುರಾಣಿಕ್ ಅವರ ರಾಷ್ಟ್ರಪ್ರಶಸ್ತಿ ಪಡೆದ ‘ಡೊಳ್ಳು’ ಸಿನಿಮಾ ನೋಡಿದವರಿಗೆ ಗೊತ್ತು, ಹೊಟ್ಟೆಪಾಡಿಗೆ ಹುಡುಗರು ಬೆಂಗಳೂರು ಬಸ್ಸು ಹತ್ತಿದ ಮೇಲೆ ತಂಡ ಏನಾಗುತ್ತದೆ ಎಂದು.

ಒಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಸರಿಯಾದ ಉತ್ತರವಿಲ್ಲ. ನಾನು ಎರಡು ಜಾಗ ಹಿಡಿದಾಗ ಒಬ್ಬನಿಗೆ ಒಂದೂ ಸಿಗಲಿಲ್ಲ. ಆ ಬದಲಿ ಹುಡುಗ ಮೂರು ವರ್ಷ ಪ್ರಾಕ್ಟೀಸಿಗೆ ಬಂದು, ವೇದಿಕೆ ಹತ್ತಿದ್ದು ಎರಡೇ ಸಲ. ವಾಲಿಬಾಲ್, ಕಬಡ್ಡಿ ಟೂರ್ನಿಗಳಲ್ಲಿ ಬಾಡಿಗೆ ಆಟಗಾರರು ಬಂದು ಊರಿನ ಹುಡುಗ ನೀರಿನ ಬಾಟಲಿ ಹಿಡಿಯುವುದನ್ನು ನೀವೂ ನೋಡಿರುತ್ತೀರಿ. ಅವನ ಮುಖ ನೆನಪಾದಾಗ ನನ್ನ ವಾದ ಸ್ವಲ್ಪ ತಗ್ಗುತ್ತದೆ. ಎರಡು ತಂಡದವನಿಗೆ ವಾರಕ್ಕೊಮ್ಮೆ ತಾಳ, ಬದಲಿಯವನಿಗೆ ಡೊಳ್ಳು ಎಂದು ಮಾಡಿದ್ದರೆ ಇಬ್ಬರಿಗೂ ಒಳ್ಳೆಯದಿತ್ತೇನೋ.

ಡಿಗ್ರಿ ಮುಗಿಯಿತು. ಅರ್ಜಿಗಳನ್ನು ಹಾಕುತ್ತಾ ಬಡಾವಣೆ ತಂಡದಲ್ಲೇ ಇದ್ದೇನೆ. ಕಳೆದ ತಿಂಗಳು ಶಿವಮೊಗ್ಗದ ಬಸ್ಸಿನಲ್ಲಿ ನಮ್ಮ ತಂಡದ ಹೊಸ ಹುಡುಗ ಪಕ್ಕದಲ್ಲಿ ಕೂತ. ಮೊದಲ ವರ್ಷದ ಬಿ.ಕಾಂ. ಬ್ಯಾಗಿನಿಂದ ಇನ್ನೊಂದು ಟೀ ಶರ್ಟ್‌ನ ತೋಳು ಹೊರಗೆ ಇಣುಕುತ್ತಿತ್ತು. ‘ಅವರಿಗೆ ಹೇಳಿದ್ದೀಯಾ?’ ಎಂದೆ. ಇಲ್ಲ ಎಂದು ತಲೆಯಾಡಿಸಿದ. ರಾತ್ರಿ ನಮ್ಮ ಜೊತೆ ತರೀಕೆರೆಗೆ ಹೋಗಿ ಬಂದವನು, ಕಣ್ಣು ಕೆಂಪಗಿತ್ತು. ಮಣಿಕಟ್ಟಿನ ಕಥೆಯನ್ನು ಪೂರ್ತಿ ಹೇಳಿದೆ. ಮಾಚೇನಹಳ್ಳಿ ದಾಟುವವರೆಗೂ ಕಿಟಕಿಯಾಚೆ ನೋಡುತ್ತಾ ಕೂತಿದ್ದ. ಮಲವಗೊಪ್ಪ ಬಂದಾಗ ಫೋನ್ ತೆಗೆದ. ‘ಅಣ್ಣ, ಇವತ್ತು ನಾನು ಮೇಲೆ ಯಾರನ್ನೂ ಹತ್ತಿಸಿಕೊಳ್ಳಲ್ಲ, ಯಾಕೆ ಅಂತ ಬಂದು ಹೇಳ್ತೀನಿ’ ಅಂದ. ಆ ಕಡೆಯಿಂದ ಬೈಗುಳ ಬಂದದ್ದು ನನಗೂ ಕೇಳಿಸಿತು.