ತನಿಖೆಗೆ ಮುನ್ನವೇ ತೀರ್ಪು

2023ರ ಜೂನ್ 2ರ ಸಂಜೆ ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಮುಖ್ಯ ಹಳಿಯನ್ನು ಬಿಟ್ಟು ಪಕ್ಕದ ಲೂಪ್ ಹಳಿಗೆ ನುಗ್ಗಿತು. ಅಲ್ಲಿ ನಿಂತಿದ್ದ ಸರಕು ರೈಲಿಗೆ ಡಿಕ್ಕಿ ಹೊಡೆಯಿತು. ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ರೈಲೂ ಆ ದುರಂತಕ್ಕೆ ಸಿಲುಕಿತು. 290ಕ್ಕೂ ಅಧಿಕ ಮಂದಿ ಪ್ರಾಣ ಕಳಕೊಂಡರು. ಆದರೆ ಶವಗಳ ಗುರುತು ಪತ್ತೆಯಾಗುವ ಮುನ್ನವೇ ಸಾಮಾಜಿಕ ಜಾಲತಾಣಗಳಲ್ಲಿ ತೀರ್ಪು ಹೊರಬಿದ್ದಿತ್ತು. ಹಳಿಯ ಪಕ್ಕದಲ್ಲಿ ಕಾಣುವ ಬಿಳಿ ಕಟ್ಟಡ ಮಸೀದಿ, ಅಂದು ಶುಕ್ರವಾರ. ಅಪರಾಧಿ ಯಾರೆಂದು ತಿಳಿಯಲು ಇನ್ನೇನು ಬೇಕು? ಮುಸ್ಲಿಮ್ ಹೆಸರಿನ ಸ್ಟೇಷನ್ ಮಾಸ್ಟರ್ ತಲೆಮರೆಸಿಕೊಂಡಿದ್ದಾನೆ ಎಂಬ ಇನ್ನೊಂದು ಸುದ್ದಿಯೂ ಅದರ ಬೆನ್ನಿಗೇ ಹರಿದಾಡಿತು.

ಆ ಕಟ್ಟಡ ಮಸೀದಿಯಾಗಿರಲಿಲ್ಲ, ಇಸ್ಕಾನ್ ಮಂದಿರವಾಗಿತ್ತು. ಸ್ಟೇಷನ್ ಮಾಸ್ಟರ್‌ನ ಕತೆಯೂ ಸುಳ್ಳಾಗಿತ್ತು. ದುರಂತಕ್ಕೆ ಕೋಮು ಬಣ್ಣ ಬಳಿಯುವವರ ವಿರುದ್ಧ ಕಠಿಣ ಕ್ರಮ ಕೈಗೊಳ್ಳುವುದಾಗಿ ಒಡಿಶಾ ಪೊಲೀಸರೇ ಎಚ್ಚರಿಸಬೇಕಾಯಿತು.

ಹಾಗಾದರೆ ನಿಜವಾದ ಕಾರಣವೇನು? ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಅದನ್ನು ಬಯಲಿಗೆ ತಂದಿತು. ಲೆವೆಲ್ ಕ್ರಾಸಿಂಗ್ ಗೇಟಿನ ಕಾಮಗಾರಿಯ ವೇಳೆ ಸಿಗ್ನಲ್ ವೈರಿಂಗ್‌ನಲ್ಲಿ ಲೋಪವಾಗಿತ್ತು. ಅದಕ್ಕೂ ಹಿಂದೆ, 2018ರಲ್ಲಿ ಸಿಗ್ನಲ್ ಸರ್ಕ್ಯೂಟನ್ನು ಬದಲಿಸಿದಾಗಲೇ ತಪ್ಪು ನಡೆದಿತ್ತು. ಹಳಿ ಪಕ್ಕಕ್ಕೆ ತಿರುಗಿದ್ದರೂ ಸಿಗ್ನಲ್ ಮಾತ್ರ ನೇರ ಹೋಗಲು ಹಸಿರು ತೋರಿಸಿತು. 2022ರ ಮೇಯಲ್ಲಿ ಅದೇ ಖರಗ್‌ಪುರ ವಿಭಾಗದಲ್ಲಿ ಇಂತಹದೇ ಒಂದು ಲೋಪ ಕಾಣಿಸಿಕೊಂಡಿತ್ತು. ಅಂದೇ ಸರಿಪಡಿಸಿದ್ದರೆ ಬಾಲಸೋರ್ ದುರಂತ ಸಂಭವಿಸುತ್ತಿರಲಿಲ್ಲ ಎಂಬುದು ಆಯುಕ್ತರ ಅಭಿಪ್ರಾಯ.

ನಮ್ಮ ರಾಜ್ಯಕ್ಕೂ ಈ ಪ್ರಕರಣಕ್ಕೂ ಸಂಬಂಧವಿದೆ. ದುರಂತಕ್ಕೆ ನಾಲ್ಕು ತಿಂಗಳ ಮೊದಲು, 2023ರ ಫೆಬ್ರವರಿ 8ರಂದು, ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಸಿಗ್ನಲ್ ಸಿಕ್ಕಿತ್ತು. ಆದರೆ ಹಳಿ ತಪ್ಪು ದಿಕ್ಕಿಗೆ ತಿರುಗಿತ್ತು. ಚಾಲಕರು ಅದನ್ನು ಗಮನಿಸಿ ರೈಲನ್ನು ನಿಲ್ಲಿಸಿದ್ದರಿಂದ ನೂರಾರು ಜೀವಗಳು ಉಳಿದವು. ಸಿಗ್ನಲ್ ವ್ಯವಸ್ಥೆಯ ಮೇಲೆ ನಿಗಾ ಇಡದಿದ್ದರೆ ದೊಡ್ಡ ದುರಂತ ಸಂಭವಿಸಬಹುದೆಂದು ನೈರುತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಆಗಲೇ ಪತ್ರ ಬರೆದಿದ್ದರು. ಅಂದರೆ ಎಚ್ಚರಿಕೆಯ ಕೊರತೆಯಿರಲಿಲ್ಲ. ಅದನ್ನು ಕೇಳುವ ಕಿವಿಗಳ ಕೊರತೆಯಿತ್ತು.

ಇದು ಮೊದಲ ಸಲವೂ ಅಲ್ಲ. 2016ರ ನವೆಂಬರ್‌ನಲ್ಲಿ ಕಾನ್ಪುರದ ಬಳಿ ಇಂದೋರ್-ಪಾಟ್ನಾ ಎಕ್ಸ್‌ಪ್ರೆಸ್ ಹಳಿ ತಪ್ಪಿ ಸುಮಾರು 150 ಮಂದಿ ಮೃತಪಟ್ಟಾಗ, ಅದು ಗಡಿಯಾಚೆಯ ಸಂಚು ಎಂಬ ಮಾತು ಉತ್ತರ ಪ್ರದೇಶದ ಚುನಾವಣಾ ಸಭೆಯಲ್ಲಿ ಪ್ರಧಾನಿಯವರ ಬಾಯಿಯಿಂದಲೇ ಬಂತು. ಬಳಿಕ ಬಂದ ಸುರಕ್ಷತಾ ಆಯುಕ್ತರ ವರದಿ ಬೆರಳು ತೋರಿಸಿದ್ದು ಬೋಗಿಯ ಯಾಂತ್ರಿಕ ವೈಫಲ್ಯದ ಕಡೆಗೆ. ಚುನಾವಣಾ ಭಾಷಣ ಮನೆಮನೆಗೆ ತಲುಪಿತು. ವರದಿಯನ್ನು ಓದಿದವರು ಎಷ್ಟು ಮಂದಿ?

ಸಂಚಿನ ಕತೆ ಕೇವಲ ಒಂದು ಸಮುದಾಯಕ್ಕೆ ನೋವುಂಟು ಮಾಡುವ ಸುಳ್ಳು ಎಂದು ನಾವು ಭಾವಿಸಬೇಕಾಗಿಲ್ಲ. ಅದು ಪ್ರತಿಯೊಬ್ಬ ಪ್ರಯಾಣಿಕನಿಗೂ ಮಾಡುವ ದ್ರೋಹ. ಕಾಲ್ಪನಿಕ ಶತ್ರುವನ್ನು ಹುಡುಕುತ್ತಾ ಕೂತರೆ ಸವೆದ ಬೋಗಿ ಹಾಗೆಯೇ ಓಡುತ್ತಿರುತ್ತದೆ, ತಪ್ಪಾಗಿ ಜೋಡಿಸಿದ ವೈರ್ ಹಾಗೆಯೇ ಉಳಿಯುತ್ತದೆ. ಮುಂದಿನ ರೈಲಿನಲ್ಲಿ ಕೂತವರ ಧರ್ಮವನ್ನು ಆ ವೈರ್ ಕೇಳುವುದಿಲ್ಲ.

ಅಪಘಾತದ ತನಿಖೆ ಎಂದರೇನು ಎಂಬುದನ್ನು ಕರಾವಳಿಯ ಜನರಿಗೆ ವಿವರಿಸಬೇಕಾದ ಅಗತ್ಯವಿಲ್ಲ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇಯನ್ನು ದಾಟಿ ಕಮರಿಗೆ ಉರುಳಿತು. ಅದರಲ್ಲಿದ್ದ 166 ಮಂದಿಯ ಪೈಕಿ ಬದುಕುಳಿದವರು ಕೇವಲ 8 ಮಂದಿ. ಕೊಲ್ಲಿಯಲ್ಲಿ ದುಡಿದು ರಜೆಗೆ ಮರಳುತ್ತಿದ್ದವರು, ಮದುವೆಗೆ ಹೊರಟವರು, ಎಳೆಯ ಮಕ್ಕಳು ಅದರಲ್ಲಿದ್ದರು. ಗುರುತು ಸಿಗದ 12 ಮಂದಿಯ ಅಂತ್ಯಸಂಸ್ಕಾರವನ್ನು ಒಟ್ಟಿಗೇ ನೆರವೇರಿಸಬೇಕಾಯಿತು.

ಏರ್ ಮಾರ್ಷಲ್ (ನಿವೃತ್ತ) ಬಿ. ಎನ್. ಗೋಖಲೆಯವರ ನೇತೃತ್ವದ ತನಿಖಾ ನ್ಯಾಯಾಲಯ ಅದೇ ವರ್ಷ ವರದಿ ನೀಡಿತು. ಕ್ಯಾಪ್ಟನ್ ಪ್ರಯಾಣದ ಬಹುಪಾಲು ನಿದ್ರಿಸಿದ್ದರು. ವಿಮಾನ ಇರಬೇಕಾದುದಕ್ಕಿಂತ ಎತ್ತರದಿಂದ, ಹೆಚ್ಚಿನ ವೇಗದಲ್ಲಿ ಇಳಿಯುತ್ತಿತ್ತು. ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು, ಯಂತ್ರವೂ ಎಚ್ಚರಿಸಿತ್ತು. ಸುಮಾರು 8,000 ಅಡಿಗಳ ರನ್‌ವೇಯಲ್ಲಿ 5,000 ಅಡಿಗಳನ್ನು ದಾಟಿದ ಬಳಿಕ ಚಕ್ರಗಳು ನೆಲ ಮುಟ್ಟಿದವು.

ಆದರೆ ಆ ವರದಿ ಮೃತಪಟ್ಟ ಒಬ್ಬ ಪೈಲಟ್‌ನ ಮೇಲೆ ಎಲ್ಲವನ್ನೂ ಹೊರಿಸಿ ಕೈತೊಳೆದುಕೊಳ್ಳಲಿಲ್ಲ. ದುರಂತಕ್ಕೆ ಎರಡು ದಿನ ಮೊದಲಿನಿಂದ ಮಂಗಳೂರಿನ ರಾಡಾರ್ ಕೆಟ್ಟಿತ್ತು. ಇದರಿಂದ ವಿಮಾನಕ್ಕೆ ಕೆಳಗಿಳಿಯುವ ಅನುಮತಿ ತಡವಾಗಿ ಸಿಕ್ಕಿತು. ಕ್ಯಾಪ್ಟನ್ ಕೇಳದಿದ್ದರೆ ಸಹ ಪೈಲಟ್ ನಿಯಂತ್ರಣವನ್ನು ಕೈಗೆತ್ತಿಕೊಳ್ಳಬಹುದೇ ಎಂಬ ಬಗ್ಗೆ ನಿಯಮಗಳಲ್ಲೇ ಗೊಂದಲವಿತ್ತು. ಇವನ್ನೆಲ್ಲ ವರದಿ ದಾಖಲಿಸಿತು. ತನಿಖೆ ಎಂದರೆ ಇದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದದ 13ನೇ ಅನುಬಂಧದ ಪ್ರಕಾರ ತನಿಖೆಯ ಏಕೈಕ ಗುರಿ ಮುಂದಿನ ಅಪಘಾತವನ್ನು ತಡೆಯುವುದು, ದೂಷಣೆಯನ್ನು ಹಂಚುವುದಲ್ಲ. ಅಪರಾಧಕ್ಕೆ ಶಿಕ್ಷೆ ಮತ್ತು ಕುಟುಂಬಗಳಿಗೆ ಪರಿಹಾರ, ಇವೆರಡೂ ನ್ಯಾಯಾಲಯದ ಕೆಲಸ.

ವರದಿ ಬಂದರೆ ಸಾಲದು, ಪಾಠ ಕಲಿಯಬೇಕು. 2020ರ ಆಗಸ್ಟ್ 7ರಂದು, ಅಂದರೆ ಹತ್ತು ವರ್ಷಗಳ ಬಳಿಕ, ಅದೇ ಸಂಸ್ಥೆಯ, ಅದೇ ದುಬೈಯಿಂದ ಬಂದ ವಿಮಾನ ಕಲ್ಲಿಕೋಟೆಯ ಕರಿಪ್ಪೂರಿನಲ್ಲಿ ಅದೇ ರೀತಿ ರನ್‌ವೇ ದಾಟಿ ಕೆಳಗುರುಳಿತು. 21 ಮಂದಿ ಮೃತಪಟ್ಟರು. ಅಲ್ಲಿಯೂ ವಿಮಾನ ರನ್‌ವೇಯ ಅರ್ಧದಷ್ಟು ದೂರ ಸಾಗಿ ಇಳಿದಿತ್ತು. ಅಲ್ಲಿಯೂ ಸಹ ಪೈಲಟ್‌ನ ಮಾತಿಗೆ ಬೆಲೆ ಸಿಗಲಿಲ್ಲ.

ಇಲ್ಲಿ ಒಂದು ಮೂಲಭೂತ ಪ್ರಶ್ನೆ ಉದ್ಭವಿಸುತ್ತದೆ. ತನಿಖೆ ನಡೆಸುವವರು ಯಾರ ಕೈಕೆಳಗಿದ್ದಾರೆ? ರೈಲು ಓಡಿಸುವವರೇ ರೈಲು ಅಪಘಾತದ ತನಿಖೆ ನಡೆಸಬಾರದು ಎಂಬ ವಿವೇಕ ಬ್ರಿಟಿಷರ ಕಾಲದಲ್ಲೇ, 1941ರಲ್ಲಿ ಮೂಡಿತ್ತು. ಆದ್ದರಿಂದಲೇ ರೈಲ್ವೆ ಸುರಕ್ಷತಾ ಆಯೋಗ ಇಂದಿಗೂ ರೈಲ್ವೆ ಸಚಿವಾಲಯದ ಅಡಿಯಲ್ಲಿಲ್ಲ. ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿದೆ. ಆದರೆ ವಿಮಾನ ದುರಂತಗಳ ತನಿಖೆಗೆಂದು 2012ರಲ್ಲಿ ಸ್ಥಾಪಿಸಲಾದ ಬ್ಯೂರೋ ಯಾರ ಅಡಿಯಲ್ಲಿದೆ? ಅದೇ ವಿಮಾನಯಾನ ಸಚಿವಾಲಯದ ಅಡಿಯಲ್ಲಿ! ವಿಮಾನಗಳಿಗೆ ಪರವಾನಿಗೆ ನೀಡುವ ಮಹಾನಿರ್ದೇಶನಾಲಯವೂ, ನಿಲ್ದಾಣಗಳನ್ನು ನಡೆಸುವ ಪ್ರಾಧಿಕಾರವೂ ಆ ಸಚಿವಾಲಯದ್ದೇ. ರೈಲಿನ ವಿಷಯದಲ್ಲಿ ಒಪ್ಪಿಕೊಂಡ ನ್ಯಾಯ ವಿಮಾನಕ್ಕೆ ಯಾಕೆ ಅನ್ವಯವಾಗಬಾರದು? ರೈಲ್ವೆಗೂ ಶಾಸನಬದ್ಧ ಸ್ವತಂತ್ರ ಸುರಕ್ಷತಾ ಪ್ರಾಧಿಕಾರ ಬೇಕೆಂದು ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲೇ ಸಲಹೆ ನೀಡಿತ್ತು.

ಅಮೆರಿಕದಲ್ಲಿ ವಿಮಾನ, ರೈಲು, ಹಡಗು ಮೂರರ ತನಿಖೆಯನ್ನೂ ಸಾರಿಗೆ ಇಲಾಖೆಯಿಂದ ಹೊರಗಿರುವ ಒಂದೇ ಮಂಡಳಿ ನಡೆಸುತ್ತದೆ. 1987ರಲ್ಲಿ ಬೆಲ್ಜಿಯಂನ ಝೀಬ್ರುಗ್ ಬಂದರಿನ ಬಳಿ, ಮುಂಬಾಗಿಲು ಮುಚ್ಚದೆಯೇ ಹೊರಟ ಹಡಗು ಮಗುಚಿ 193 ಮಂದಿ ಮೃತಪಟ್ಟ ಬಳಿಕ ಬ್ರಿಟನ್, ಸಮುದ್ರ ಅಪಘಾತಗಳಿಗೆಂದೇ 1989ರಲ್ಲಿ ಪ್ರತ್ಯೇಕ ತನಿಖಾ ಸಂಸ್ಥೆಯನ್ನು ರಚಿಸಿತು. ನಮ್ಮಲ್ಲಿ ಮಾತ್ರ ಪ್ರತಿ ದುರಂತದ ಬಳಿಕ ಪರಿಹಾರದ ಮೊತ್ತ ಘೋಷಣೆಯಾಗುತ್ತದೆ, ಬಳಿಕ ಮರೆವು ಆವರಿಸುತ್ತದೆ.

2025ರ ಜೂನ್ 12ರಂದು ಅಹ್ಮದಾಬಾದ್‌ನಲ್ಲಿ ವಿಮಾನ ಪತನವಾಗಿ 260 ಮಂದಿ ಮೃತಪಟ್ಟಾಗಲೂ ಇದೇ ನಡೆಯಿತು. ಇಂಧನ ಸ್ವಿಚ್‌ಗಳು ಬಂದ್ ಆಗಿದ್ದವು ಎಂದಷ್ಟೇ ಪ್ರಾಥಮಿಕ ವರದಿ ಹೇಳಿತ್ತು. ಅವುಗಳನ್ನು ಯಾರು, ಯಾಕೆ ಬಂದ್ ಮಾಡಿದರು ಎಂದು ಹೇಳಿರಲಿಲ್ಲ. ಆದರೂ ಟಿವಿ ಚರ್ಚೆಗಳು ಮೃತ ಪೈಲಟ್‌ನನ್ನು ಕಟಕಟೆಗೆ ಎಳೆದವು. ಬಾಲಸೋರ್‌ನಲ್ಲಿ ನಮ್ಮ ಮೇಲೆ ನಡೆದ ಅನ್ಯಾಯವನ್ನು ಖಂಡಿಸುವ ನಾವು, ಉತ್ತರ ಕೊಡಲು ಇಲ್ಲದ ಆ ವ್ಯಕ್ತಿಯ ಮೇಲೆ ಅದೇ ಅನ್ಯಾಯ ಎಸಗಲು ಮುಂದಾಗಬಾರದು.

ಆದ್ದರಿಂದ ಮುಂದಿನ ದುರಂತದ ದಿನ ನಮ್ಮ ಮೊಬೈಲಿಗೆ ಬರುವ ಸಂದೇಶವನ್ನು ಇನ್ನೊಬ್ಬರಿಗೆ ದಾಟಿಸುವ ಮುನ್ನ ನಾವು ಒಂದು ಕ್ಷಣ ತಡೆಯೋಣ. ನಮ್ಮ ಸಂಸದರನ್ನು ಭೇಟಿಯಾದಾಗ ಪರಿಹಾರದ ಮೊತ್ತದ ಜೊತೆಗೆ, ವರದಿ ಎಲ್ಲಿದೆ, ಅದರ ಶಿಫಾರಸುಗಳಲ್ಲಿ ಎಷ್ಟು ಜಾರಿಯಾಗಿವೆ ಎಂದೂ ಕೇಳೋಣ. ಬಜ್ಪೆಯ ಕಮರಿಯಲ್ಲಿ ಪ್ರಾಣ ಕಳಕೊಂಡ 158 ಮಂದಿಗೆ ನಾವು ತೀರಿಸಬೇಕಾದ ಋಣ ಇಷ್ಟಾದರೂ ಇದೆ.