ಗೋಲಿಗಿಂತ ಚಿಕ್ಕ ಗಂಟು

ಹಸುವಿಗೆ ಸೂಜಿ ಹಾಕಿಸಲು ಪಶು ಆಸ್ಪತ್ರೆಗೆ ಹೋದವರು ದ್ರವ ಸಾರಜನಕದ ಕ್ಯಾನು ನೋಡಿರುತ್ತಾರೆ. ಮುಚ್ಚಳ ತೆಗೆದರೆ ಬಿಳಿ ಹೊಗೆ ಉಕ್ಕಿ ನೆಲಕ್ಕಿಳಿಯುತ್ತದೆ. ಒಳಗೆ ಮೈನಸ್ 196 ಡಿಗ್ರಿಯಲ್ಲಿ ಹೋರಿಯ ವೀರ್ಯದ ನಳಿಕೆಗಳು ವರ್ಷಗಟ್ಟಲೆ ಕೆಡದೆ ಕೂತಿರುತ್ತವೆ. ಅದೇ ಸಾರಜನಕ ಸ್ತನ ಕ್ಯಾನ್ಸರಿನ ಗಂಟನ್ನು ಕೊಲ್ಲಬಲ್ಲದು. ವೀರ್ಯಕ್ಕೆ ಗ್ಲಿಸರಾಲಿನ ಕಾವಲಿದೆ, ಗಂಟಿಗಿಲ್ಲ. ಅಲ್ಟ್ರಾಸೌಂಡಿನಲ್ಲಿ ನೋಡುತ್ತ ಸೂಜಿಯನ್ನು ಗಂಟಿನೊಳಗೆ ಇಳಿಸಿ, ಹೆಪ್ಪುಗಟ್ಟಿಸಿ, ಕರಗಲು ಬಿಟ್ಟು, ಮತ್ತೆ ಹೆಪ್ಪುಗಟ್ಟಿಸುತ್ತಾರೆ. ಐಸಿನ ಹರಳುಗಳು ಜೀವಕೋಶದ ಪೊರೆಯನ್ನು ಹರಿಯುತ್ತವೆ, ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ. ಆ ಜಾಗವಷ್ಟೇ ಮರಗಟ್ಟುವ ಇಂಜೆಕ್ಷನ್ ಸಾಕು. ಚಳಿಯೂ ನೋವನ್ನು ಮಂಕಾಗಿಸುತ್ತದೆ. ಸತ್ತ ಗಂಟು ಒಳಗೇ ಉಳಿಯುತ್ತದೆ, ದೇಹ ನಿಧಾನವಾಗಿ ಅರಗಿಸಿಕೊಳ್ಳುತ್ತದೆ.

ತಕರಾರು ಇರುವುದೂ ಇಲ್ಲೇ. ಕತ್ತರಿಸಿ ತೆಗೆದ ತುಂಡಾದರೆ ಅದರ ಅಂಚಿಗೆ ಶಾಯಿ ಬಳಿದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಶಾಯಿಯವರೆಗೆ ಕ್ಯಾನ್ಸರ್ ಬಂದಿಲ್ಲವೆಂದರೆ ನೆಮ್ಮದಿ. ಹೆಪ್ಪುಗಟ್ಟಿಸಿದಾಗ ನೋಡಲು ಅಂಚೇ ಇಲ್ಲ. ಅಮೆರಿಕದ ಒಂದು ಪ್ರಯೋಗದಲ್ಲಿ ಮೊದಲು ಹೆಪ್ಪುಗಟ್ಟಿಸಿ, ಆಮೇಲೆ ಕತ್ತರಿಸಿ ನೋಡಿದರು. 87 ಗಂಟುಗಳಲ್ಲಿ ಪೂರ್ತಿ ಸತ್ತಿದ್ದವು ಮುಕ್ಕಾಲು ಪಾಲು ಮಾತ್ರ. ಉಳಿದವುಗಳಲ್ಲಿ ಹೆಚ್ಚಿನ ಕಡೆ ಕ್ಯಾನ್ಸರ್ ಸಿಕ್ಕಿದ್ದು ಐಸಿನ ಉಂಡೆಯ ಆಚೆ, ಮೊದಲು ಯಾರ ಕಣ್ಣಿಗೂ ಬೀಳದ ಜಾಗದಲ್ಲಿ.

ಹಾಗೆಂದು ತಳ್ಳಿಹಾಕುವಂತೆಯೂ ಇಲ್ಲ. 19ನೇ ಶತಮಾನದ ಕೊನೆಯಲ್ಲಿ ಶಸ್ತ್ರವೈದ್ಯ ಹಾಲ್‌ಸ್ಟೆಡ್ ಸ್ತನದ ಜೊತೆಗೆ ಎದೆಯ ಸ್ನಾಯುವನ್ನೂ ತೆಗೆಯುತ್ತಿದ್ದರು. ಹೆಚ್ಚು ಕತ್ತರಿಸಿದಷ್ಟೂ ಕ್ಷೇಮ ಎಂಬ ನಂಬಿಕೆಯ ಬೆಲೆಯನ್ನು ಹೆಂಗಸರು ದಶಕಗಳ ಕಾಲ ತೆತ್ತರು. ಗಂಟನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ ಆಯುಷ್ಯ ಕಡಿಮೆಯಾಗದೆಂದು ಶಸ್ತ್ರವೈದ್ಯ ಬರ್ನಾರ್ಡ್ ಫಿಶರ್ 1985ರಲ್ಲಿ ತೋರಿಸಿದರು. ಆದರೆ ಅವರು ಯಾರಿಗೆ ಯಾವ ಚಿಕಿತ್ಸೆಯೆಂಬುದನ್ನು ಚೀಟಿ ಎತ್ತಿದಂತೆ ಹಂಚಿ, ಎರಡನ್ನೂ ಎದುರುಬದುರು ನಿಲ್ಲಿಸಿದ್ದರು. ಹೆಪ್ಪುಗಟ್ಟಿಸುವ ಐಸ್-3 ಪ್ರಯೋಗದಲ್ಲಿ ಅದಿಲ್ಲ. 60 ದಾಟಿದ 194 ಮಹಿಳೆಯರು, ಒಂದೂವರೆ ಸೆಂಟಿಮೀಟರು ಮೀರದ ಸಾಧು ಜಾತಿಯ ಗಂಟು. ಐದು ವರ್ಷಗಳಲ್ಲಿ ಅದೇ ಸ್ತನದಲ್ಲಿ ಕ್ಯಾನ್ಸರ್ ಮರಳಿದ್ದು ಶೇ. 4.3. ಒಳ್ಳೆಯ ಅಂಕಿಯೇ. ಆದರೆ ಹಲವರು ಹಾರ್ಮೋನ್ ತಡೆಯುವ ಮಾತ್ರೆಯನ್ನೂ ನುಂಗುತ್ತಿದ್ದರು. ಗೆದ್ದದ್ದು ಐಸೋ, ಮಾತ್ರೆಯೋ, ಗಂಟಿನ ಸಾಧುತನವೋ?

ಹೃದಯ ಸೋತ, ಪೂರ್ಣ ಅರಿವಳಿಕೆ ತಾಳದ ಎಂಬತ್ತರ ಅಜ್ಜಿಗೆ ನಾನು ಹೆಪ್ಪುಗಟ್ಟಿಸುವುದನ್ನೇ ಒಪ್ಪುತ್ತೇನೆ. ಗಾಯದ ಗುರುತು ಬೇಡವೆಂದು ಕೇಳುವ ನಲವತ್ತೈದರ ಹೆಂಗಸಿಗೆ ಈಗಲೇ ಒಪ್ಪಲಾರೆ. ಅವಳ ಮುಂದಿರುವುದು ಐದಲ್ಲ, ನಲವತ್ತು ವರ್ಷ.

ನಮ್ಮಲ್ಲಿ ಇನ್ನೊಂದು ತೊಡಕು. ಒಂದೂವರೆ ಸೆಂಟಿಮೀಟರು ಎಂದರೆ ಹುಡುಗರು ಆಡುವ ಗೋಲಿಗಿಂತ ತುಸು ಚಿಕ್ಕದು. ಅದನ್ನು ಹುಡುಕಬೇಕಾದ್ದು ಮ್ಯಾಮೊಗ್ರಾಮ್. ನಮ್ಮ ಊರುಗಳ ಬಹುಪಾಲು ಹೆಂಗಸರಿಗೆ ಗಂಟು ಸಿಗುವುದು ಸ್ನಾನ ಮಾಡುವಾಗ, ಕೈಗೆ. ಮನೆಯವರಿಗೆ ಹೇಳಿ ಆಸ್ಪತ್ರೆಗೆ ಬರುವ ಹೊತ್ತಿಗೆ ಅದು ಗೋಲಿಯ ಗಾತ್ರವನ್ನು ಯಾವಾಗಲೋ ದಾಟಿರುತ್ತದೆ.